ರಿವರ್ಸ್ ರೇಸಿಗೆ ಯಾರ ಹೆಸರು?

ಎದುರಿಗೆ ಜೀಪು. ಅದರೊಳಗೆ ನಾಲ್ಕು ಮೀಸೆ, ನಾಲ್ಕು ಬಡಿಗೆ.

ನಮ್ಮ ಎಡಕ್ಕೆ ತುಂಬಿದ ಕಾಲುವೆ, ಬಲಕ್ಕೆ ಕೆಸರುಗದ್ದೆ. ನಡುವಿನ ಏರಿಯ ಮೇಲೆ ನಮ್ಮ ಟ್ರ್ಯಾಕ್ಟರು, ಅದರ ಬೆನ್ನಿಗೆ ಟ್ರಾಲಿ.

ಅಂದು ದೇವದುರ್ಗದಲ್ಲಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೋಡಿಸುವ ರೇಸು. ಮಧ್ಯಾಹ್ನದೊಳಗೆ ಚಾಲಕನ ಹೆಸರು ಕೊಡದಿದ್ದರೆ ನಮ್ಮ ಮಾನ್ವಿಯ ತಂಡ ಹೊರಗೆ. ರಾಯಚೂರಿನ ಎದುರಾಳಿಗಳಿಗೆ ಬೇಕಾದದ್ದೂ ಅದೇ, ಅದಕ್ಕೇ ಈ ಜೀಪು!

ತಂಡದ ಹೊಣೆ ನನ್ನದು. ತಂಡಕ್ಕೆ ದುಡ್ಡು ಹಾಕುವ ರೈಸ್ ಮಿಲ್ಲಿನ ಧಣಿ ಚನ್ನವೀರ, ಹೊಸ ಹುಡುಗಿ ದಾನೇಶ್ವರಿಯನ್ನು ರೇಸಿಗೆ ಇಳಿಸೆಂದಿದ್ದ. ನಾನು ಒಪ್ಪಿರಲಿಲ್ಲ. ಸ್ಟೀರಿಂಗ್ ಹಿಡಿದಿದ್ದವರು ಪೀರಾ ಸಾಬ್... ಹಿಂದೊಮ್ಮೆ ಮಟಮಾರಿಯಲ್ಲಿ ಒಡೆದ ಟೈರಿನಲ್ಲೇ ಕಪ್ ಗೆದ್ದವರು. ನೀವೇ ಹೇಳಿ, ಅಂಥ ಅನುಭವವನ್ನು ಮನೆಗೆ ಕಳಿಸುವುದುಂಟೇ?

"ಪೀರಾ ಸಾಬ್, ರಿವರ್ಸ್ ಹಾಕ್ರಿ."

ಅವರು ಕದಲಲಿಲ್ಲ.

"ಕುತ್ತಿಗಿ ತಿರಗಂಗಿಲ್ರೀ, ಮಹಾಂತಯ್ಯನವ್ರ."

"ಯಾವಾಗಿಂದ?"

"ಹ್ವಾದ ವರ್ಷ ಗೆದ್ದಿನಲ್ರೀ... ಅದಕ್ಕೂ ಮೊದಲಿಂದ."

ಹಾಗಾದರೆ ಗೆದ್ದದ್ದು ಹೇಗೆಂದು ಗದರಿದೆ. ಅವರು ನಾಚಿಕೊಂಡರು. ಮಡದಿ ಅಕ್ಬರಿ ಬೇಗಂ ಟ್ರ್ಯಾಕ್ಟರಿನ ಮೂತಿಯೆದುರು, ಜನರ ನಡುವೆ ನಿಂತು, ಟ್ರಾಲಿ ಸೊಟ್ಟಗಾದಂತೆಲ್ಲ ಛತ್ರಿಯನ್ನು ಎಡಕ್ಕೂ ಬಲಕ್ಕೂ ಬಾಗಿಸುತ್ತಿದ್ದರಂತೆ. ಈ ಸಲವೂ ಆಕೆ ಛತ್ರಿಸಮೇತ ಆಗಲೇ ದೇವದುರ್ಗ ಸೇರಿದ್ದಾರಂತೆ!

ಬಡಿಗೆಗಳು ಜೀಪಿನಿಂದ ಇಳಿದವು.

ಮಡ್‌ಗಾರ್ಡಿನ ಮೇಲೆ ಕೂತಿದ್ದ ದಾನೇಶ್ವರಿ ಸೀಟಿಗೆ ಜಾರಿದಳು.

"ಚಾಚಾ, ಸರೀರಿ. ಮುಂದ ನೀವು ನೋಡ್ರಿ, ಹಿಂದ ನಾ ನೋಡ್ತೀನಿ."

ಕತ್ತು ಹೊರಳಿಸಿದಳು. ಕ್ಲಚ್ ಬಿಟ್ಟಳು. ಟ್ರಾಲಿ ಒಮ್ಮೆ ಬಳುಕಿ ನೆಟ್ಟಗಾಯಿತು.

ಮೀಸೆಗಳು ಮತ್ತೆ ಜೀಪು ಹತ್ತಿದವು. ನಾವು ಹಿಂದಕ್ಕೆ, ಅವರು ಮುಂದಕ್ಕೆ... ಮೂತಿಗೆ ಮೂತಿ! ಇಂಥ ಚೇಸ್ ನಾನು ಕಂಡಿರಲಿಲ್ಲ. ಬೈಯುವವನ ಹಲ್ಲಿನ ಸಂದಿಯ ಅಡಿಕೆಯೂ ಕಾಣುತ್ತಿತ್ತು.

ಆಗ ಪೀರಾ ಸಾಬ್ ಎದ್ದು ನಿಂತು, ಜೀಪಿನ ಡ್ರೈವರನಿಗೆ ಗಂಭೀರವಾಗಿ ಕೈಮಾಡಿದರು.

"ತಮ್ಮಾ, ಕಾಲುವಿ ಅದ. ಎಡಕ್ಕ ತಗೋ... ಇನ್ನ ಸ್ವಲ್ಪ ಎಡಕ್ಕ."

ಹಿರಿಯರ ಮಾತಿಗೆ ಅವನು ಬೆಲೆ ಕೊಟ್ಟ. ಜೀಪು ಗದ್ದೆಯಲ್ಲಿ ಕುಳಿತಿತು.

ದೇವದುರ್ಗದಲ್ಲಿ ಚಾಲಕನ ಹೆಸರು ಕೇಳಿದರು. ಪೀರಾ ಸಾಬ್ ನೆಲ ನೋಡಿದರು.

"ದಾನೇಶ್ವರಿ," ಎಂದೆ.

ಗೆದ್ದಳು.

ಹಿರಿಯರೋ ಕಿರಿಯರೋ ಎಂಬ ಜಗಳ ಈಗಲಾದರೂ ಮುಗಿಯಿತೇ ಎಂದು ಧಣಿ ಫೋನಿನಲ್ಲಿ ಕೇಳಿದ. ಮುಗಿಯಿತೆಂದೆ.

ಮುಂದಿನ ರೇಸಿಗೆ ಪೀರಾ ಸಾಬರನ್ನು ಎದುರಾಳಿ ತಂಡಕ್ಕೆ ಕೋಚ್ ಮಾಡಿ ಕಳಿಸುತ್ತಿದ್ದೇನೆ.