ಅಡ್ಡಗೋರಿ

"ಆ ಹೆಂಗಸಿನ ಹೆಸರು ಈ ಮನೇಲಿ ಎತ್ತಬೇಡ ಅಂದೆ!" ಥಿರ್ಜಾ ಮೆಕ್ಕೆಜೋಳದ ರೊಟ್ಟಿಯ ಬಾಣಲೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮಜ್ಜಿಗೆಯ ಲೋಟ ಉರುಳಿತು. "ಹೆತ್ತೋರು ಯಾರು ಅಂತಾನೇ ಗೊತ್ತಿಲ್ದೆ ಅನಾಥಾಲಯದಲ್ಲಿ ಬೆಳೆದೋಳು ನೀನು. ನಿನಗ್ಯಾಕೆ ಊರೋರ ಬೇರು ಕೆದಕೋ ಚಟ?"

ಸೊಸೆ ಡೋವಿ ಚೆಲ್ಲಿದ ಮಜ್ಜಿಗೆ ಒರೆಸುತ್ತಾ ಗಂಡನ ಮುಖ ನೋಡಿದಳು. ಲಿಯಾಂಡರ್ ತಟ್ಟೆ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಆ ಮಹಾಶಯ ಮಾಡಿದ್ದು ಅದೊಂದೇ... ಅವ್ವ ಬೈದಾಗ ತಟ್ಟೆ ನೋಡುವುದು!

ಟೆನೆಸ್ಸೀ ಗುಡ್ಡಗಳ ಆ ಕಣಿವೆಗೆ ಆ ವರ್ಷ ನೀರು ನುಗ್ಗುವುದಿತ್ತು. ಕೆಳಗೆ ಅಣೆಕಟ್ಟು ಎದ್ದಿತ್ತು. ಮನೆ, ಹೊಲ, ಚರ್ಚು ಎಲ್ಲ ಮುಳುಗುವಂಥವೇ. ಗೋರಿಗಳನ್ನು ಅಗೆದು ಗುಡ್ಡದ ಮೇಲಕ್ಕೆ ಸಾಗಿಸುತ್ತಿದ್ದರು. ಆದರೆ 'ಇದು ನಮ್ಮವರದು' ಎಂದು ರಕ್ತಸಂಬಂಧಿಯೊಬ್ಬರು ಎದುರು ನಿಂತು ಹೇಳಬೇಕು; ಹೇಳುವವರಿಲ್ಲದ ಗೋರಿ ನೀರಿನ ತಳಕ್ಕೆ. ಸರೆಪ್ಟಾ ಎಂಬ ಹೆಂಗಸಿನ ಗೋರಿಗೆ ಯಾರೂ ಬಂದಿರಲಿಲ್ಲ. ಅಲ್ಲಿ ಸತ್ತವರೆಲ್ಲ ಪೂರ್ವಕ್ಕೆ ಕಾಲು ಚಾಚಿ ಮಲಗುತ್ತಾರೆ, ಕಡೆಯ ದಿನ ಎದ್ದು ಕೂತಾಗ ಮುಖಕ್ಕೆ ಬೆಳಕು ಬೀಳಲಿ ಎಂದು. ಸರೆಪ್ಟಾ ಒಬ್ಬಳು ಕೊನೆಯ ಸಾಲಿನಾಚೆ, ನಡುವೆ ಒಂದಿಷ್ಟು ಬರಿನೆಲ ಬಿಟ್ಟು, ಅಡ್ಡಡ್ಡ ಮಲಗಿದ್ದಳು. ವಿಷ ಕುಡಿದು ಸತ್ತ ಪಾಪಿ, ಅದಕ್ಕೇ ಅಡ್ಡ ಹೂತಿದ್ದಾರೆ, ಪಕ್ಕದಲ್ಲಿ ಮಲಗಲೂ ಯಾರೂ ಒಪ್ಪಲಿಲ್ಲ ಎಂದು ಅರವತ್ತೈದು ವರ್ಷದಿಂದ ಊರು ಬಾಯಿ ಚಪ್ಪರಿಸುತ್ತಿತ್ತು. ಪ್ರತಿ ವರ್ಷ ಮೇ ತಿಂಗಳಲ್ಲಿ ಊರೆಲ್ಲ ತಂತಮ್ಮವರ ಗೋರಿಗೆ ಹೂವಿಡುವ ಭಾನುವಾರ, ತನ್ನವರೆಂದು ಯಾರೂ ಇಲ್ಲದ ಡೋವಿ ಆ ಅಡ್ಡಗೋರಿಯ ಕಳೆ ಕೀಳುತ್ತಿದ್ದಳು. ಅದು ಮುಳುಗುತ್ತದೆಂದಾಗ ಮನೆಮನೆ ಅಲೆದು ಸರೆಪ್ಟಾಳ ಕುಲ ಹುಡುಕಿದಳು.

ಹುಡುಕಿದ್ದು ಸಿಕ್ಕಿತು. ಹಿಂದಿನ ದಿನವಷ್ಟೇ, ಗುಡ್ಡದಾಚೆಯ ಮುದುಕಿ ಜಿಲ್ಫಾಳ ಜಗಲಿಯಲ್ಲಿ, ಗಾಡಿ ಹೊಡೆದುಕೊಂಡು ಹೋಗಿದ್ದ ಲಿಯಾಂಡರನ ಎದುರೇ!

"ಸರೆಪ್ಟಾನ ಮಗಳಾ? ನಿಮ್ಮತ್ತೇನೇ ಕಣೇ!" ಜಿಲ್ಫಾ ಹೊಗೆಸೊಪ್ಪು ಉಗಿದು ನಕ್ಕಿದ್ದಳು. "ಅವ್ವ ಸತ್ತ ಮೇಲೆ ಆ ಕೂಸನ್ನ ಕೌದೀಲಿ ಸುತ್ತಿ ನಮ್ಮೂರಿಗೆ ತಂದಿದ್ದು ನಮ್ಮಪ್ಪಾನೇ. ನಮ್ಮೂರೋಳೊಬ್ಳು 'ನಾನೇ ಹೆತ್ತಿದ್ದು' ಅಂತ ಸಾಕಿದ್ಳು. ಮದುವೆಯಾಗಿ ಆ ಕಣಿವೆಗೇ ಹೋಗೋವಾಗ ಥಿರ್ಜಾ ನನ್ನ ಕೈ ಹಿಡ್ಕೊಂಡು, ಬಾಯಿ ಬಿಡಬೇಡ ಜಿಲ್ಫಾ ಅಂತ ಅತ್ತಿದ್ಳು."

ವಾಪಸು ಬರುವಾಗ ಡೋವಿ ಒಂದೇ ಮಾತು ಕೇಳಿದ್ದಳು. "ನೀನೇ ಹೇಳು ಲಿಯಾಂಡರ್. ಮೊಮ್ಮಗ ನೀನು."

"ಹೇಳ್ತೀನಿ" ಎಂದಿದ್ದ. ಎಂದಿದ್ದ!

ಈಗ ಸ್ಮಶಾನದಲ್ಲಿ ಅಗೆಯುವವರ ಮೇಸ್ತ್ರಿ ಅಡ್ಡಗೋರಿಯ ಪಕ್ಕ ನಿಂತು ಕೂಗಿದ. "ಇದಕ್ಕೆ ಯಾರಾದ್ರೂ ಇದ್ದೀರೇನ್ರಪ್ಪಾ? ಕಡೇ ಸಲ ಕೇಳ್ತಿದ್ದೀನಿ."

ಊರೆಲ್ಲ ಅಲ್ಲೇ ಇತ್ತು. ಥಿರ್ಜಾ ಕೋಲೂರಿ ಎಲ್ಲರ ಮುಂದೆ ನಿಂತಿದ್ದಳು. ಲಿಯಾಂಡರ್ ಬಾಯಿ ತೆರೆದ. ಪಾಪಿಯ ಮೊಮ್ಮಗ ಅನ್ನುತ್ತಾರೆ... ಅವ್ವ ನಾಳೆ ಹೇಗೆ ತಲೆಯೆತ್ತುತ್ತಾಳೆ... ಥೂ, ನೆಪಗಳಿಗೇನು ಬರವೇ! ಅವನು ತಲೆ ತಗ್ಗಿಸಿ ತನ್ನ ಬೂಟು ನೋಡಿದ. ಇಲ್ಲಿ ತಟ್ಟೆಯೂ ಇರಲಿಲ್ಲ.

"ನಾನಿದ್ದೀನಿ" ಎಂದಿತು ಒಂದು ಹೆಣ್ಣುದನಿ. "ನನ್ನಜ್ಜಿ ಅವಳು."

ಡೋವಿ!

ಜನ ಗೊಳ್ಳೆಂದರು. "ಅಂತೂ ಅನಾಥಾಲಯದ ಬೀಜ ಎಲ್ಲಿದು ಅಂತ ಗೊತ್ತಾಯ್ತು ಬಿಡ್ರಪ್ಪ!" ಎಂದನೊಬ್ಬ. ಎಲ್ಲರಿಗಿಂತ ಜೋರಾಗಿ ಥಿರ್ಜಾಳ ದನಿಯೇ ಕೇಳಿತು. "ನಾನ್ ಹೇಳ್ತಿರ್ಲಿಲ್ವಾ? ಕೆಟ್ಟ ರಕ್ತ, ಕೆಟ್ಟ ರಕ್ತ ಅಂತ!"

ತನ್ನ ಹೆತ್ತವ್ವನನ್ನೇ! ಗುಟ್ಟು ಗೊತ್ತಿದ್ದ ಡೋವಿ ಒಂದು ಮಾತು ಆಡಿದ್ದರೆ ಮುದುಕಿ ಅಲ್ಲೇ ಮಣ್ಣಾಗುತ್ತಿದ್ದಳು. ಆಡಲಿಲ್ಲ. ಕೆನ್ನೆ ಕೆಂಪಾಗಿ, ತುಟಿ ಕಚ್ಚಿ, ಆ ನಗೆಯನ್ನೆಲ್ಲ ಮೈಮೇಲೆ ಸುರಿಸಿಕೊಂಡು ನಿಂತಳು. ಆಗಲೂ ಲಿಯಾಂಡರ್ ಬೂಟನ್ನೇ ನೋಡುತ್ತಿದ್ದ. ಭೂಮಿ ಬಾಯಿ ಬಿಡಲಿ ಎನಿಸಿತು ಅವನಿಗೆ. ಇಂಥವರಿಗೆ ಭೂಮಿಯೂ ಬಾಯಿ ಬಿಡುವುದಿಲ್ಲ.

ಗುದ್ದಲಿಗಳು ಬಿದ್ದವು. ಬರಿನೆಲದ ಕಡೆ ಅಗಲ ಮಾಡುತ್ತಿದ್ದವನೊಬ್ಬ ಥಟ್ಟನೆ ನಿಂತ. "ಮೇಸ್ತ್ರೀ, ಇಲ್ಲೂ ಇದ್ದಾರೆ!"

ಮಣ್ಣಲ್ಲಿ ಹೂತುಹೋಗಿದ್ದ ಪುಟ್ಟ ಪುಟ್ಟ ಕಲ್ಲುಗಳು. ಪೂರ್ವಕ್ಕೆ ಕಾಲು ಚಾಚಿದ ಮೂರು ಚಿಕ್ಕ ಗೋರಿಗಳು, ಒಂದರ ಪಕ್ಕ ಒಂದು. ಮಕ್ಕಳವು. ಆ ಮೂರರ ಕಾಲ ದೆಸೆಗೆ, ಅಡ್ಡಕ್ಕೆ, ಸರೆಪ್ಟಾ.

ಥಿರ್ಜಾಳ ಕೈಯಿಂದ ಕೋಲು ಜಾರಿತು.

"ಮಂಚ..." ಎಂದಳು. ಯಾರಿಗೂ ಅರ್ಥವಾಗಲಿಲ್ಲ. "ಒಂದೇ ಮಂಚ ಇತ್ತು... ನಾವು ನಾಲ್ಕೂ ಮಕ್ಕಳು ಸಾಲಾಗಿ ಮಲಗ್ತಿದ್ವಿ. ಅವ್ವ ಕಾಲ ಹತ್ರ ಅಡ್ಡ ಮಲಗೋಳು. ನಮ್ಮ ಪಾದಾನೆಲ್ಲ ಹೊಟ್ಟೆಗೆ ಒತ್ಕೊಂಡು ಬೆಚ್ಚಗೆ ಮಾಡೋಳು... ಎಲ್ಲರಿಗೂ ಗಂಟಲು ಕಟ್ಟೋ ಜ್ವರ ಬಂತು. ಆಮೇಲೆ ನಾನೊಬ್ಳೇ... ಅಯ್ಯೋ ನನ್ನವ್ವಾ! ನಿನಗೆ ಎಂಥ ಮಾತಂದೆನೇ! ಈಗ ತಾನೇ ಅಂದೆನಲ್ಲೇ!"

ಮುದುಕಿ ಹಸಿಮಣ್ಣಿನ ಮೇಲೆ ಕವುಚಿ ಬಿದ್ದಳು. ನಕ್ಕವರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವಳನ್ನು ಎಬ್ಬಿಸಿದ್ದು ಡೋವಿ. ಮಗನಲ್ಲ.

ಮೇಸ್ತ್ರಿ ಮೆಲ್ಲಗೆ ಕೆಮ್ಮಿದ. "ಅಮ್ಮಾ, ಮೇಲಿನ ಸ್ಮಶಾನದಲ್ಲಿ ಎಲ್ಲಾ ನೇರ ಸಾಲು. ಅಡ್ಡ ಹಾಕಂಗಿಲ್ಲ ಅಂತ ನಮಗೆ ಹೇಳವ್ರೆ..."

"ಅಡ್ಡಕ್ಕೇ." ಲಿಯಾಂಡರ್ ಕೊನೆಗೂ ಬಾಯಿ ಬಿಟ್ಟ. "ನೀವು ಅಗೆಯಲ್ಲ ಅಂದ್ರೆ ನಾನ್ ಅಗೀತೀನಿ. ಆ ಮಕ್ಕಳ ಕಾಲ ಹತ್ರಾನೇ."

"ಸರಿ. ಹಾಗಾದ್ರೆ ಪಟ್ಟೀಲಿ ಸಂಬಂಧಿ ಅಂತ ಯಾರ ಹೆಸರು ಬರೀಲಿ? ಮಗಳಾ, ಮೊಮ್ಮಗನಾ?"

ಥಿರ್ಜಾ ಮಣ್ಣಾದ ಕೈಯಲ್ಲಿ ಸೊಸೆಯ ಅಂಗಿಯ ಅಂಚು ಹಿಡಿದಿದ್ದಳು. "ಮೊದಲು ನನ್ನೋಳು ಅಂದೋಳು ಇವಳು. ಇವಳದೇ ಬರೀರಿ... ನಾವು ನಾಚಿಕೆಗೆಟ್ಟೋರು. ಜಾಗ ಇದ್ರೆ ಅದರ ಕೆಳಗೆ ನಮ್ಮ ಹೆಸರೂ ಸೇರಿಸ್ಕೊಳ್ಳಿ."

ಲಿಯಾಂಡರ್ ಗುದ್ದಲಿ ಹೆಗಲಿಗಿಟ್ಟು ಗುಡ್ಡ ಹತ್ತಿದ. ಹೆಂಡತಿ ಹಿಂದೆಯೇ ಬರುತ್ತಿದ್ದಳು. ಒಮ್ಮೆ ತಿರುಗಿ ಅವಳ ಮುಖ ನೋಡಬೇಕೆನಿಸಿತು. ಆಗಲಿಲ್ಲ... ದಾರಿಯುದ್ದಕ್ಕೂ ಬೂಟನ್ನೇ ನೋಡಿಕೊಂಡು ನಡೆದ.