ಎಡ ಎದೆ ಏಕೆ ಏಳಲಿಲ್ಲ?

"ಎಡ ಶ್ವಾಸಕೋಶ ಹರಿದುಹೋಗಿದೆ!"

ಮೇಷ್ಟ್ರ ಕೂಗಿಗೆ ನರ್ಸಿಂಗ್ ಶಾಲೆಯ ಪರೀಕ್ಷೆಯ ಕೋಣೆಯಲ್ಲಿದ್ದವರೆಲ್ಲ ಮಂಚದತ್ತ ತಿರುಗಿದರು.

ಮಂಚದ ಮೇಲಿದ್ದದ್ದು ತುರ್ತು ಚಿಕಿತ್ಸೆ ಕಲಿಸುವ ರಬ್ಬರ್ ಗೊಂಬೆ. ಬಾಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಕೆನ್ನೆಗೆ ಟೇಪು ಅಂಟಿಸಿತ್ತು. ಕೊಳವೆಗೆ ಜೋಡಿಸಿದ ಗಾಳಿಚೀಲ ಒತ್ತಿದರೆ ಎದೆಯ ಒಂದೇ ಬದಿ ಏಳುತ್ತಿತ್ತು.

"ಎಡಗಡೆ ಏಳ್ತಾ ಇದೆಯಲ್ಲ?" ಎಂದೆ.

"ಡ್ರೈವರಣ್ಣ, ಅದು ನಿನ್ನ ಎಡ. ರೋಗಿಗೆ ಬಲ. ಇಲ್ಲಿ ಯಾವಾಗ್ಲೂ ರೋಗಿಯ ಲೆಕ್ಕ" ಎಂದಳು ಅಕ್ಕ. ನಮ್ಮ ಆಂಬುಲೆನ್ಸಿನ ಹಿರಿಯ ನರ್ಸ್ ಅವಳು. ಇವತ್ತು ಇಲ್ಲಿ ಪರೀಕ್ಷಕಿ. ಅವಳನ್ನು ಕರೆತಂದ ನನಗೆ ತಲೆಬುಡ ತಿಳಿಯಲಿಲ್ಲ.

ಮೇಷ್ಟ್ರು ಬೆರಳು ತೋರಿಸಿದ್ದು ಪುಟ್ಟ ಆಳಿನ ಒಬ್ಬ ವಿದ್ಯಾರ್ಥಿನಿಯತ್ತ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

"ನಿನ್ನೆ ಸಂಜೆ ಕೊಳವೆ ಹಾಕಿದ್ದು ಇವಳೇ. ಪರೀಕ್ಷೆಗೆ ಕೂರಿಸಲ್ಲ!"

"ಎರಡೂ ಕಡೆ ಎದ್ದಿತ್ತು ಸಾರ್!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಈ ಸಲ ಪಾಸಾಗದಿದ್ರೆ ಅಪ್ಪ ಮತ್ತೆ ಓದಿಸಲ್ಲ."

"ಆಮೇಲೆ ಬೀಗ ಹಾಕಿದ್ದು ಯಾರು?" ಅಕ್ಕ ಕೇಳಿದಳು.

"ನಾನು" ಎಂದ ಸ್ಟೋರಿನವನು. "ಬೆಳಿಗ್ಗೆ ಕೀಲಿ ಇಸ್ಕೊಂಡಿದ್ದು ಮೇಷ್ಟ್ರು."

"ನನ್ನ ಮೇಲೇ ಗುಮಾನಿನಾ? ಹಾಸಿಗೆ ಅಚ್ಚುಕಟ್ಟು ಮಾಡಿದೆ, ಅಷ್ಟೆ. ಕೊಳವೆಗೆ ಬೆರಳೂ ತಾಗಿಸಿಲ್ಲ!"

ಅಕ್ಕ ಬಗ್ಗಿ ನೋಡಿದಳು. "ಗುಬ್ಬಿ, ಈ ಟೇಪು ನಿಂದೇನಾ?"

"ಹೂಂ ಮೇಡಂ. ಅಂಚು ಮಡಚಿದ್ದೆ, ಹಾಗೇ ಇದೆ. ಯಾರೂ ಬಿಚ್ಚಿಲ್ಲ."

ಹುಡುಗಿ ಏನನ್ನೂ ಹರಿದಿಲ್ಲ, ಮೇಷ್ಟ್ರು ಮುಟ್ಟಿಲ್ಲ, ಟೇಪು ಅಲುಗಿಲ್ಲ— ಮತ್ತೆ ಎಡಗಡೆ ಏಳದೆ ಇರುವುದೇಕೆ?

"ಡ್ರೈವರಣ್ಣ, ಪಂಚರಾದ ಟೈರಿಗೆ ಗಾಳಿ ಹೊಡೆದ್ರೆ?"

"ಬುಸ್ ಅನ್ನುತ್ತೆ."

"ಇಲ್ಲಿ ಬುಸ್ ಇಲ್ಲ. ಅಂದ್ರೆ ಹರಿದಿಲ್ಲ. ಗಾಳಿಯೇ ಹೋಗ್ತಿಲ್ಲ." ಗೊಂಬೆಯ ತಲೆಯಡಿ ಕೈಯಿಟ್ಟಳು. "ನಿನ್ನೆ ಈ ದಿಂಬು ಇತ್ತಾ?"

"ಇಲ್ಲ ಮೇಡಂ."

ಅಕ್ಕ ದಿಂಬು ಎಳೆದು ಮೇಷ್ಟ್ರ ಕೈಗಿಟ್ಟಳು. ಎದೆಗೆ ಒತ್ತಿದ್ದ ಗೊಂಬೆಯ ಗದ್ದ ಮೇಲಾಯಿತು. "ಈಗ ಒತ್ತು."

ಗುಬ್ಬಿ ಚೀಲ ಒತ್ತಿದಳು. ಎದೆಯ ಎರಡೂ ಬದಿ ಒಟ್ಟಿಗೆ ಎದ್ದವು!

"ಶ್ವಾಸನಾಳ ಎದೆಯೊಳಗೆ ಎರಡು ಕವಲಾಗುತ್ತೆ. ಬಲದ ಕವಲು ಅಗಲ, ಹೆಚ್ಚು ನೇರ. ಕತ್ತು ಮುಂದಕ್ಕೆ ಬಗ್ಗಿದ್ರೆ ಕೊಳವೆಯ ತುದಿ ಕೆಳಗಿಳಿದು ಅಲ್ಲಿಗೇ ನುಗ್ಗುತ್ತೆ. ಎಡಕ್ಕೆ ಗಾಳಿ ಎಲ್ಲಿಂದ ಬರ್ಬೇಕು? ಕೊಳವೆ ಮುಟ್ಟದೇನೇ ಅದನ್ನ ಸರಿಸಿದವರು ನೀವು, ಮೇಷ್ಟ್ರೇ."

"ನೀವು ಬರ್ತೀರಲ್ಲ, ನೋಡೋಕೆ ಚೆಂದ ಇರ್ಲಿ ಅಂತ..." ಮೇಷ್ಟ್ರು ದಿಂಬನ್ನು ತಬ್ಬಿಕೊಂಡು ನಿಂತರು.

"ಇದು ಗೊಂಬೆ, ಬಚಾವಾಯ್ತು" ಎಂದಳು ಅಕ್ಕ, ಮೆಲ್ಲಗೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಬಾಮ್ಮ ಗುಬ್ಬಿ, ನಿನ್ನಿಂದಲೇ ಶುರು ಮಾಡೋಣ."

ಗುಬ್ಬಿ ಕಣ್ಣೊರೆಸಿಕೊಂಡಳು. ಮೊದಲು ಮೇಷ್ಟ್ರ ಕೈಯಿಂದ ದಿಂಬು ಇಸಿದುಕೊಂಡು, ದೂರದ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಳು.