ಹಿಂಬದಿ ತಗ್ಗಿಸಿದ ಕಾರು

ರಮ್ಯ ಅಳುತ್ತಾ ಬಂದಾಗ ಪುಟ್ಟಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು. ಎದುರಿಗಿದ್ದ ಚಿಕ್ಕಸ್ವಾಮಿ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಬುಟ್ಟಿಗೂ ಹಾಕಿ ಬೈಸಿಕೊಳ್ಳುತ್ತಿದ್ದ. ಪುಟ್ಟಲಕ್ಷ್ಮಮ್ಮ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಪಾಂಡವಪುರದ ಜನ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಈ ಜಗಲಿ ಹತ್ತುತ್ತಿದ್ದರು. ಚಿಕ್ಕಸ್ವಾಮಿ ಅವರ ಮುಂದಿನ ಕೋಣೆಯ ಬಾಡಿಗೆದಾರ. ಅವನ ಹಳೇ ಓಮ್ನಿಯೇ ಅವರಿಗೆ ಜೀಪು.

"ಅಕ್ಕ, ಬೆಳಿಗ್ಗೆ ನಾಗಮಂಗಲದ ಪೊಲೀಸ್ನೋರು ನಮ್ಮೋರ್ನ ಎಳ್ಕೊಂಡೋದ್ರು," ಎಂದಳು ರಮ್ಯ. "ನಾಳೆ ಕೋರ್ಟಿಗೆ ಹಾಕ್ತಾರಂತೆ. ಕೊಲೆ ಕೇಸಂತೆ."

ಅವಳ ಗಂಡ ಲೋಕೇಶ್ ಮೆಕ್ಯಾನಿಕ್ಕು. ಹೊರಗಿನಿಂದ ತರಿಸಿದ ಸಸ್ಪೆನ್ಷನ್ ಹಾಕಿ ಕಾರನ್ನು ಬೇಕಾದಷ್ಟು ಎತ್ತುವುದು, ಇಳಿಸುವುದು ಅವನ ಕೈಚಳಕ. ಆಸೆಗಣ್ಣಿನ ಹುಡುಗರೆಲ್ಲ ಅವನ ಗ್ಯಾರೇಜಿಗೇ ಬರುತ್ತಿದ್ದರು. ಅವರಲ್ಲಿ ಒಬ್ಬ ದೇವಲಾಪುರದ ಆಚೆಯ ಹಳ್ಳಿಯ ನಾಗಾರ್ಜುನ. ಸೋಮವಾರ ಅವನ ಕಾರು ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿದ್ದ ಹುರುಳಿ ಬಳ್ಳಿಯ ಮೇಲೆ ಹೋಗುವಾಗ ಬೆಂಕಿ ಹತ್ತಿತ್ತು. ಬೆಂದ ಮೈಯಲ್ಲಿ ಎರಡು ದಿನ ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿದ್ದು ಸತ್ತ.

"ಹುರುಳಿ ಕಾಲ ಬಂದ್ರೆ ನಮ್ಮೋರೇ ಎಲ್ರ ಕಾರ್ನೂ ಹಿಂದ್ಗಡೆ ಎತ್ತಿ ಕಳಿಸ್ತಿದ್ರು. ಬಳ್ಳಿ ಕೆಳಗೆ ಸಿಕ್ಕಾಕೊಂಡು ಸೈಲೆನ್ಸರ್ ಬಿಸಿಗೆ ಹೊತ್ಕೊಳ್ತದೆ ಅಂತ. ಸಂಕ್ರಾಂತಿ ಕಳುದ್ಮೇಲೇ ಇಳಿಸೋದು. ಇಂಥೋರು ಇಳಿಸ್ತಾರಾ? ಕಾರು ಉರುದ್ ದಿಸ್ಲೇ ಆಸ್ಪತ್ರೆ ಬಾಗ್ಲಲ್ಲಿ ನಾಗಾರ್ಜುನನ ಅಪ್ಪ ಕರಿಯಯ್ಯ ನಮ್ಮೋರ ಕೊಳ್ಳಪಟ್ಟಿ ಇಡ್ಕೊಂಡು, 'ಹಿಂದೆ ಇಳ್ಸಿ ನನ್ ಮಗನ್ನ ಸುಟ್ಬುಟ್ಯಲ್ಲೋ' ಅಂದ್ರು. ನಮ್ಮೋರು ಬಾಯಿ ಸತ್ತೋರಂಗೆ ನಿಂತ್ಕೊಂಡ್ರು."

"ಕಾರು ನಿಮ್ಮ ಗ್ಯಾರೇಜಿಗೆ ಬಂದಿತ್ತಾ?"

"ಶನಿವಾರ ಬ್ರೇಕಿಗೆ ಅಂತ ಬಂದಿತ್ತು. ಅವತ್ತೇ ಓಯ್ತು."

ಪುಟ್ಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಚಿಕ್ಕಸ್ವಾಮಿ, ಸಿಪ್ಪೆ ಬೆರೆಸಿದ್ದು ಸಾಕು. ಗಾಡಿ ತೆಗಿ."

ಓಮ್ನಿಯ ಬಾಗಿಲಿಗೆ ಚಿಲಕವಿರಲಿಲ್ಲ. ಚಿಕ್ಕಸ್ವಾಮಿ ತಂತಿ ಸುತ್ತಿ ಮುಚ್ಚುತ್ತಿದ್ದ, ಪ್ರತಿ ಸಲವೂ ಅದರ ತುದಿ ಅವನ ಬೆರಳಿಗೆ ಚುಚ್ಚುತ್ತಿತ್ತು. ನಾಗಮಂಗಲದ ದಾರಿಯುದ್ದಕ್ಕೂ ರಸ್ತೆ ಅಗೆದು ಕೆಸರು ಮಾಡಿದ್ದರು.

ನಾಗಮಂಗಲ ಠಾಣೆಯ ಎಸ್‌ಐ ಸಿದ್ದರಾಜು ಒಂದು ಕಾಲಕ್ಕೆ ಕಾನ್‌ಸ್ಟೇಬಲ್ ಆಗಿ ಪುಟ್ಟಲಕ್ಷ್ಮಮ್ಮನ ಕೈಕೆಳಗೆ ಕೆಲಸ ಕಲಿತವನು. ಅವರನ್ನು ಹಿತ್ತಲಿಗೆ ಕರೆದೊಯ್ದು ಸುಟ್ಟ ಕಾರು ತೋರಿಸಿದ. ಟೈರುಗಳು ಉರಿದುಹೋಗಿ ಇಡೀ ಕಾರು ನೆಲಕ್ಕೆ ಮಲಗಿತ್ತು.

"ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ ಅಮ್ಮ. ಇವತ್ತು ಬೆಳಿಗ್ಗೆ ತಾನೆ ಆರ್‌ಟಿಒ ಆಫೀಸಿನ ಬ್ರೇಕ್ ಇನ್‌ಸ್ಪೆಕ್ಟರ್ ಕೆಳಗೆ ನುಗ್ಗಿ ನೋಡಿ, ಹಿಂದುಗಡೆ ತಗ್ಗಿಸಿದ್ದಾರೆ ಅಂದ್ರು. ಅದಕ್ಕೆ ಮುಂಚೆ ಯಾರೂ ಮುಟ್ಟಿಲ್ಲ. ಕರಿಯಯ್ಯನ ದೂರು, ಇವರ ಮಾತು ಎರಡೂ ತಾಳೆ ಆಯ್ತು. ಮೆಕ್ಯಾನಿಕ್‌ನನ್ನ ಹಿಡ್ಕೊಂಡು ಬಂದೆ."

ಪುಟ್ಟಲಕ್ಷ್ಮಮ್ಮ ಅರವತ್ತೆರಡರ ವಯಸ್ಸಿನಲ್ಲಿ ಹಿಂಬದಿಗೆ ಜಾಕು ಕೊಡಿಸಿ, ಸೀರೆ ಎತ್ತಿ ಕಟ್ಟಿ ಕಾರಿನಡಿ ತೂರಿದರು. ಚಿಕ್ಕಸ್ವಾಮಿ ಟಾರ್ಚು ಹಿಡಿದ. ಸ್ಪ್ರಿಂಗಿನ ಒಳಗಿನ ಕೊಳವೆಯ ಮೇಲೆ ಮರೆಯಿತ್ತು, ಅಂದರೆ ಸ್ಕ್ರೂವಿಗಿರುವಂಥ ಸುತ್ತು. ಸ್ಪ್ರಿಂಗ್ ಕೂರುವ ಉಂಗುರವನ್ನು ಆ ಮರೆಯ ಮೇಲೆ ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ಮರೆಯ ತುಂಬ ಕೆಸರು ಬೆಂದು ಹೆಂಟೆಗಟ್ಟಿತ್ತು. ಉಂಗುರಕ್ಕಿಂತ ಮೇಲ್ಗಡೆ ಎರಡು ಬೆರಳಗಲದಷ್ಟು ಮರೆಗೆ ಮಾತ್ರ ಕೆಸರಿಲ್ಲದೆ, ಬರೀ ಮಸಿ ಹಿಡಿದಿತ್ತು. ಉಂಗುರದ ಕೆಳಗೆ ಬೇಲಿ ತಂತಿ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿತ್ತು. ಇನ್ನೊಂದು ಪಕ್ಕದಲ್ಲೂ ಹಾಗೆಯೇ.

ಈಚೆ ಬಂದು ಅವರು ಲೋಕೇಶನನ್ನು ಕೇಳಿದ್ದು ಒಂದೇ ಪ್ರಶ್ನೆ. "ಉಂಗುರ ಜಾರದ ಹಾಗೆ ತಂತಿ ಕಟ್ತೀಯೇನಪ್ಪ?"

"ತಂತಿ ಯಾಕಕ್ಕ? ಕೆಳಗೆ ಇನ್ನೊಂದು ಲಾಕ್ ಉಂಗುರ ಅದಲ್ಲ, ಅದ್ನ ಬಿಗಿದ್ರೆ ಆಯ್ತು. ತಂತಿ ಕಟ್ಟೋಕೆ ಅದೇನ್ ಬೇಲಿನಾ?" ಎಂದ ಲೋಕೇಶ. ಅವನ ಕಣ್ಣು ಬಾತಿತ್ತು.

ದೇವಲಾಪುರದ ರಸ್ತೆಯಲ್ಲಿ ಡಾಂಬರು ಕರಗಿ ಕಪ್ಪಾದ ಜಾಗದ ಪಕ್ಕ ಮಂಚಮ್ಮ ಕೂತಿದ್ದಳು. ಹುರುಳಿ ಹರಡಿದ್ದು ಅವಳು. ಕೇಳುವ ಮೊದಲೇ ಹೇಳತೊಡಗಿದಳು.

"ನನ್ ಹುರುಳಿ ಮಗೀನ ತಿಂದ್ಬುಡ್ತು ಕಣವ್ವ. ಯಾವಾಗ್ಲೂ ಕೆರೆ ಏರಿ ಮ್ಯಾಲೆ ಓಗೋನು, ಅವತ್ತು ಇಂಗೆ ಬಂದ. ಹೊಗೆ ಬತ್ತಿತ್ತು, ನಿಲ್ಸಿ ಬಗ್ಗಿ ನೋಡ್ದ. 'ಯಾವನ್ಲಾ ಇದ್ನ ಇಳ್ಸಿರೋನು' ಅಂತ ಬೈದ. ಆಮೇಲೆ ಬಳ್ಳಿ ಎಳೆಯಕ್ಕೆ ಅಡೀಕ್ ನುಗ್ದ. ಬುಡು ಮಗ, ಈಚ್ಗೆ ಬಾ ಅಂತ ಬಡ್ಕೊಂಡೆ. 'ಮೂರ್ ಗಂಟೆ ಒಳ್ಗೆ ನಾಮಪತ್ರ ಕೊಡ್ಬೇಕಜ್ಜಿ' ಅಂದ. ಬುಸ್ ಅಂತ ಹತ್ಕೊಂಡ್ತು. ಯಾರೂ ಕೇಳಕ್ ಬರ್ಲಿಲ್ಲ, ನಿಂಗೇ ಮೊದ್ಲು ಯೋಳ್ತಿರೋದು ಕಣವ್ವ."

ಆ ನಾಮಪತ್ರದ ಸಂಗತಿ ಊರಿಗೆಲ್ಲ ಗೊತ್ತಿತ್ತು. ತಾಲೂಕು ಮಾರಾಟ ಸಂಘದ ಚುನಾವಣೆಗೆ ಊರಿನಿಂದ ಒಬ್ಬನೇ ನಿಲ್ಲಬೇಕೆಂದು ಹಿರಿಯರು ಗುಡಿಯ ಮುಂದೆ ತೀರ್ಮಾನಿಸಿದ್ದರು. ಆ ಒಬ್ಬ ಶಿವಶಂಕರ್, ಕರಿಯಯ್ಯನ ತೀರಿಕೊಂಡ ಅಣ್ಣನ ಮಗ. ನಾಗಾರ್ಜುನ ಒಪ್ಪದೆ ಎದುರು ನಿಲ್ಲಲು ಹೊರಟಿದ್ದ.

"ಇನ್ನೇನಕ್ಕ, ಶಿವಶಂಕರನೇ," ಎಂದ ಚಿಕ್ಕಸ್ವಾಮಿ ಗಾಡಿ ಹತ್ತುತ್ತಾ. "ಕಾಸಿನಷ್ಟು ಅನುಮಾನ ಇಲ್ಲ."

"ಅಷ್ಟು ಬೇಗ ಗೊತ್ತಾಗೋದಾದ್ರೆ ನಿನ್ನನ್ನೇ ಎಸ್‌ಪಿ ಮಾಡಬಹುದಿತ್ತು."

ಕರಿಯಯ್ಯನ ಮನೆಯಂಗಳದಲ್ಲಿ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ನಾಗಾರ್ಜುನನ ಹೆಂಡತಿ ಸ್ನೇಹ ಕಂಬಕ್ಕೊರಗಿ ಕೂತಿದ್ದಳು. ಗೆಳೆಯ ಅಶೋಕ್ ಕೆ.ಆರ್. ಪೇಟೆಯಿಂದ ಬಂದು ಅಲ್ಲೇ ಉಳಿದಿದ್ದ. ಭಾನುವಾರ ಇಡೀ ದಿನ ತಾನೂ ನಾಗಾರ್ಜುನನೂ ತನ್ನ ಬೈಕಿನಲ್ಲಿ ಸದಸ್ಯರ ಮನೆ ಮನೆ ಸುತ್ತಿದ್ದೆವು, ಕಾರು ಮನೆಯಲ್ಲೇ ಇತ್ತು ಎಂದ. ಕೊಟ್ಟಿಗೆಯ ಪಕ್ಕದ ಚಪ್ಪರ ಕಾರು ನಿಲ್ಲುವ ಜಾಗ. ಅಲ್ಲಿ ಕುಡುಗೋಲಿನ ಜೊತೆಗೆ ಒಂದು ಕೊಕ್ಕೆ ಸ್ಪ್ಯಾನರು ತೂಗುತ್ತಿತ್ತು. ಉಂಗುರ ತಿರುಗಿಸಲೆಂದು ಸಸ್ಪೆನ್ಷನ್ನಿನ ಜೊತೆ ಬಂದದ್ದು. ಟ್ರಾಕ್ಟರಿನ ಜಾಕು ಮೂಲೆಯಲ್ಲಿತ್ತು. ಚಿಕ್ಕಸ್ವಾಮಿ ಸುಸ್ತಾಗಿ ಕೊಟ್ಟಿಗೆಯ ಗೇಟು ಹಿಡಿದು ನಿಂತ. ಅದರ ತುಂಬ ತಂತಿ ಸುತ್ತಿದ್ದರೂ ಅಂಗೈಗೆ ಏನೂ ಚುಚ್ಚಲಿಲ್ಲ. ತುದಿಗಳೆಲ್ಲ ಒಳಕ್ಕೆ ಮಡಚಿದ್ದವು.

"ಇದು ಯಾರು ಕಟ್ಟಿದ್ದು?" ಎಂದರು ಪುಟ್ಟಲಕ್ಷ್ಮಮ್ಮ.

"ಮಾವ," ಎಂದಳು ಸ್ನೇಹ. "ಕರುಗಳಿಗೆ ತರಚ್ತದೆ ಅಂತ ಬೇರೆ ಯಾರಿಗೂ ಮುಟ್ಟಕ್ಕೆ ಬುಡಲ್ಲ."

ಪುಟ್ಟಲಕ್ಷ್ಮಮ್ಮ ಮಡಚಿದ ತುದಿಯೊಂದರ ಮೇಲೆ ಬೆರಳಾಡಿಸಿದರು. ಆಮೇಲೆ ಸಿದ್ದರಾಜುವಿಗೆ ಫೋನು ಮಾಡಿ ಬರಹೇಳಿದರು. ಅವರ ಮುಖ ನೋಡಿ ಚಿಕ್ಕಸ್ವಾಮಿಗೆ ಪ್ರಶ್ನೆ ಕೇಳುವ ಮನಸ್ಸಾಗಲಿಲ್ಲ.

ಸಂಜೆ ಶಾಮಿಯಾನದಡಿ ಎಲ್ಲರೂ ಸೇರಿದರು. ಕರಿಯಯ್ಯ ಚಾಪೆಯ ಮೇಲೆ, ಶಿವಶಂಕರ್ ಅವನ ಪಕ್ಕ. ಊರಿನ ನಾಲ್ಕಾರು ಹಿರಿಯರೂ ಇದ್ದರು. ಸಿದ್ದರಾಜು ನಿಂತೇ ಇದ್ದ.

"ಲೋಕೇಶ ಇದನ್ನ ಮಾಡಿಲ್ಲ," ಎಂದು ಶುರು ಮಾಡಿದರು ಪುಟ್ಟಲಕ್ಷ್ಮಮ್ಮ. "ಉಂಗುರ ಮೊದಲು ಕೂತಿದ್ದ ಜಾಗಕ್ಕೆ ಕೆಸರು ತಾಕಿರಲಿಲ್ಲ, ಬರೀ ಮಸಿ. ಶನಿವಾರವೇ ಇಳಿಸಿದ್ದರೆ ಪಾಂಡವಪುರದಿಂದ ಇಲ್ಲಿಗೆ ಬರೋ ಅಗೆದ ರಸ್ತೆಯ ಕೆಸರೆಲ್ಲ ಅಲ್ಲಿ ಮೆತ್ತಿರಬೇಕಿತ್ತು. ಮೆತ್ತಿಲ್ಲ. ಅಂದರೆ ಕಾರು ಮನೆ ಸೇರಿದ ಮೇಲೆ ಇಳಿಸಿದ್ದು."

"ಅವನೇ ಇಳ್ಸ್ಕೊಂಡಿರ್ತಾನೆ, ಶೋಕಿಗೆ," ಎಂದ ಶಿವಶಂಕರ್.

"ಭಾನುವಾರವೆಲ್ಲ ಅವನು ಅಶೋಕನ ಬೈಕಿನಲ್ಲಿದ್ದ. ಸೋಮವಾರ ಕಾರಿನಡಿ ಬಗ್ಗಿ ನೋಡಿ, ಯಾವನು ಇಳಿಸಿದ್ದು ಅಂತ ಬೈದಿದ್ದಾನೆ. ತಾನೇ ಇಳಿಸಿದವನು ಯಾರನ್ನ ಬೈತಾನೆ?"

"ಅಂಗಾರೆ ನನ್ ಮೇಲೆ ತಂದಿಕ್ತೀರ. ಇಕ್ಕಿ. ಗೊತ್ತಿತ್ತು ನಂಗೆ."

"ಇಲ್ಲಪ್ಪ. ನೀನಾಗಿದ್ದರೆ ತಂತಿ ಕಟ್ತಿರಲಿಲ್ಲ." ಅವರು ಹಿರಿಯರ ಕಡೆಗೆ ತಿರುಗಿದರು. "ಇಳಿಸಿದ ಮನುಷ್ಯನಿಗೆ ಲಾಕ್ ಉಂಗುರದ ಮೇಲೆ ನಂಬಿಕೆ ಬರಲಿಲ್ಲ. ದಾರಿಯಲ್ಲಿ ಜಾರಿ ಹುಡುಗನಿಗೆ ಏನಾದರೂ ಆದೀತು ಅಂತ ಎರಡೂ ಕಡೆ ತಂತಿ ಬಿಗಿದ. ಟೈರಿಗೆ ತರಚದ ಹಾಗೆ ತುದಿ ಮಡಚಿದ. ಕೊಲ್ಲೋನು ತಂತಿ ಕಟ್ಟಲ್ಲ. ಅವನಿಗೆ ಬೇಕಾಗಿದ್ದದ್ದು ಕಾರು ಕೆರೆ ಏರಿಯ ಕಲ್ಲಿಗೆ ಹೊಟ್ಟೆ ಕೊಟ್ಟು ಕೂರೋದು. ಅಲ್ಲಿ ಬಸ್ಸಿಲ್ಲ, ಜನವಿಲ್ಲ. ಮೂರು ಗಂಟೆ ದಾಟಿದರೆ ನಾಮಪತ್ರದ ಮಾತು ಮುಗೀತು. ಆದರೆ ಕಾರು ತಳ ಉಜ್ಜೋದು ಗೊತ್ತಾಗಿ ಹುಡುಗ ಏರಿ ಬಿಟ್ಟು ಡಾಂಬರು ರಸ್ತೆ ಹಿಡಿದ. ಅಲ್ಲಿ ಹುರುಳಿ ಇತ್ತು."

ಚಿಕ್ಕಸ್ವಾಮಿ ನೆಲ ನೋಡುತ್ತಿದ್ದ. ಈ ಘಳಿಗೆಗಾಗಿಯೇ ಅವನು ಎಷ್ಟೋ ಸಲ ಓಮ್ನಿಯ ಬಾಡಿಗೆ ಟ್ರಿಪ್ಪು ಬಿಟ್ಟು ಬಂದಿದ್ದ. ಇವತ್ತು ಎದ್ದು ಹೋಗಬೇಕೆನಿಸಿತು.

"ಕರಿಯಯ್ಯ, ಕಾರಿನಡಿ ಅಧಿಕಾರಿ ನುಗ್ಗಿ ನೋಡಿದ್ದು ಇವತ್ತು ಬೆಳಿಗ್ಗೆ. ಹಿಂದೆ ಇಳಿಸಿದ್ದಾರೆ ಅಂತ ನೀವು ಸೋಮವಾರವೇ ಆಸ್ಪತ್ರೆ ಬಾಗಿಲಲ್ಲಿ ಕೂಗಿದ್ರಿ. ನಿಮಗೆ ಹೇಗೆ ಗೊತ್ತಾಯ್ತು? ಕಾರಿಗೆ ಕಟ್ಟಿದ್ದೂ ಕೊಟ್ಟಿಗೆ ಗೇಟಿಗೆ ಕಟ್ಟಿದ್ದೂ ಒಂದೇ ಕೈ."

ಕರಿಯಯ್ಯ ತಲೆ ಎತ್ತಲಿಲ್ಲ. "ಗುಡಿ ಮುಂದೆ ಮಾತ್ ಕೊಟ್ಟಿದ್ದೆ," ಎಂದ. "ನನ್ ಮಗ ನಿಲ್ಲಲ್ಲ ಅಂತ. ಬೀಗದ್ ಕೈ ಬಚ್ಚಿಟ್ರೆ ಬೈಕಲ್ ಓಗೋನು. ಅವ್ನು ಉಂಗ್ರ ತಿರುಗ್ಸೋವಾಗೆಲ್ಲ ನಾನೇ ಟಾರ್ಚ್ ಇಡೀತಿದ್ದೆ, ನೋಡಿ ಕಲ್ತಿದ್ದೆ. ಏರಿ ಮೇಲೆ ನಿಂತ್ಕೊಂಡು ಬೈಕೊಳ್ಳಲಿ, ಸಂಜೆಗೆ ಎತ್ತು ಕಟ್ಟಿ ಎಳ್ಕೊಂಡ್ ಬರಾನ ಅಂದ್ಕೊಂಡಿದ್ದೆ." ಆಮೇಲೆ ಕೇಳಿದ, "ತಂತಿ ಜಾರಿತ್ತಾ?"

"ಇಲ್ಲ. ಬಿಗಿಯಾಗೇ ಇತ್ತು."

ಅವನು ತಲೆಯಾಡಿಸಿದ.

ಮೊದಲು ಬಾಯಿ ಬಿಟ್ಟವನು ಶಿವಶಂಕರ್. "ಸಾರ್, ಆದದ್ದಾಯ್ತು. ಮಗನ್ನ ಕಳ್ಕೊಂಡೋರ್ನ ಜೈಲಿಗಾಕಿ ಯಾವ ಪುಣ್ಯ ಬತ್ತದೆ? ಆ ಮೆಕ್ಯಾನಿಕ್‌ಗೆ ಇವತ್ತಲ್ಲ ನಾಳೆ ಬೇಲ್ ಆಯ್ತದೆ. ಲಾಯರ್ನ ನಾವೇ ಇಡ್ತೀವಿ."

"ಹೌದು ಕಣ್ರಿ," ಎಂದರು ಹಿರಿಯರು. ಒಬ್ಬರಾದ ಮೇಲೊಬ್ಬರು ಅದನ್ನೇ ಅಂದರು. "ಕರಿಯಯ್ಯ ಈಗ ಏನೂ ಅಂದಿಲ್ಲ, ನಾವ್ ಏನೂ ಕೇಳಿಲ್ಲ."

ಸಿದ್ದರಾಜು ಪುಟ್ಟಲಕ್ಷ್ಮಮ್ಮನತ್ತ ನೋಡಿದ. "ಪೊಲೀಸಿನ ಮುಂದೆ ಒಪ್ಪಿಕೊಂಡದ್ದು ಕೋರ್ಟಲ್ಲಿ ನಿಲ್ಲಲ್ಲ ಅಮ್ಮ. ಕಾರು ಇಳಿಸೋದನ್ನ ಕಂಡವರು ಬೇಕು. ಇಲ್ಲದಿದ್ದರೆ ಕೇಸು ಲೋಕೇಶನ ಮೇಲೇ ಓಡ್ತದೆ."

ಕಂಡವರು ಯಾರೆಂದು ಯಾರೂ ಕೇಳಲಿಲ್ಲ. ಆದರೂ ಎಲ್ಲರ ಕಣ್ಣು ಕಂಬದ ಕಡೆಗೆ ಹೋಯಿತು. ಭಾನುವಾರ ಮನೆಯಲ್ಲಿದ್ದವರು ಮಾವ, ಸೊಸೆ ಇಬ್ಬರೇ. ಸ್ನೇಹ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಾಪಸು ಠಾಣೆಗೆ ಬಂದಾಗ ರಮ್ಯ ಬಸ್ಸಿನಲ್ಲಿ ಬಂದು ಬೆಂಚಿನ ಮೇಲೆ ಕೂತಿದ್ದಳು. ಪುಟ್ಟಲಕ್ಷ್ಮಮ್ಮ ನಡೆದದ್ದನ್ನು ಹೇಳಿದರು. ಅವಳು ಪೂರ್ತಿ ಕೇಳಿ, "ಅಂಗಾರೆ ಬುಡ್ತಾರಾ?" ಎಂದಳು. ಎಂಥ ಕಗ್ಗಂಟನ್ನೂ ಬಿಡಿಸುವ ಹೆಂಗಸು ಹೀಗೆ ಕೈ ಕಟ್ಟಿ ಗೋಡೆ ನೋಡುವುದನ್ನು ಚಿಕ್ಕಸ್ವಾಮಿ ಎಂದೂ ಕಂಡಿರಲಿಲ್ಲ. ಚಹಾ ತಂದುಕೊಟ್ಟ. ಯಾರೂ ಕುಡಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಶೋಕನ ಬೈಕು ಬಂದು ನಿಂತಿತು. ಹಿಂದಿನಿಂದ ಸ್ನೇಹ ಇಳಿದಳು. ಬೆಂಚಿನಲ್ಲಿ ಬೇರೆ ಜಾಗವಿರಲಿಲ್ಲ, ರಮ್ಯಳ ಪಕ್ಕದಲ್ಲೇ ಕೂತಳು. ರಮ್ಯ ಏನೋ ಹೇಳಲು ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ಮಾವ ಊಟ ಮಾಡಿಲ್ಲ ಅಕ್ಕ," ಎಂದಳು ಸ್ನೇಹ ಪುಟ್ಟಲಕ್ಷ್ಮಮ್ಮನಿಗೆ. "ಓಗ್ತೀನಿ ಅಂದೆ. ಓಗು ಅಂದ್ರು. ಊರೋರು, ಓದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ ಅಂದ್ರು. ನಾನೇನ್ ಮಾಡ್ಲಿ?"

"ನನಗೆ ಗೊತ್ತಿಲ್ಲಮ್ಮ."

ಒಳಗಿನ ಸರಳುಗಳ ಹಿಂದೆ ಲೋಕೇಶ ಕೆಮ್ಮಿದ. ಸ್ನೇಹ ಎದ್ದು ಎಸ್‌ಐ ಮೇಜಿನ ಎದುರು ಹೋಗಿ ನಿಂತಳು. ಸಿದ್ದರಾಜು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಬರ್ಕೊಳ್ಳಿ ಸಾರ್," ಎಂದಳು. "ಭಾನುವಾರ ಮಧ್ಯಾಹ್ನ. ನಾನು ಬಟ್ಟೆ ಒಣಗಾಕ್ತಿದ್ದೆ. ನಮ್ಮ ಮಾವ ಕಾರಿಗೆ ಜಾಕು ಕೊಟ್ರು."